ಕಡಾಣಿ

ನನ್ನ ಮೊಮ್ಮಗನ ಟ್ರಕ್ಕು ನಿಂತುಹೋದದ್ದು ಒಂದು ಭಾನುವಾರ ಬೆಳಿಗ್ಗೆ, ಬನಶಂಕರಿ ಆರನೆಯ ಹಂತದಲ್ಲಿ, ನಿವೇಶನದ ಕಲ್ಲು ನೆಟ್ಟು ವರುಷಗಳು ಕಳೆದರೂ ಮನೆಯೇಳದೆ ಉಳಿದಿರುವ ಒಂದು ಕೆಮ್ಮಣ್ಣಿನ ಬಯಲಿನಲ್ಲಿ. ಟ್ರಕ್ಕೆಂದೊಡನೆ ಓದುಗರು ಲಾರಿಯನ್ನು ಊಹಿಸಿಕೊಳ್ಳಬಾರದು. ಇದು ನಿಜವಾಹನದ ಎಂಟನೆಯ ಒಂದು ಪ್ರಮಾಣದ್ದು, ಎರಡು ಕೈಯಲ್ಲಿ ಎತ್ತಿ ಎದೆಗವಚಿಕೊಳ್ಳಬಹುದಾದಂಥದು, ದೂರದಲ್ಲಿ ನಿಂತು ರೇಡಿಯೋ ಅಲೆಗಳ ಮೂಲಕ ನಡೆಸತಕ್ಕದ್ದು. ಆದರೂ ಇದನ್ನು ಆಟಿಕೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಇದರ ಒಡಲಲ್ಲಿರುವುದು ಬ್ಯಾಟರಿಯಿಂದ ತಿರುಗುವ ಮೋಟರಲ್ಲ. ಪಿಸ್ಟನ್ನು, ಕಾರ್ಬುರೇಟರು, ಸೈಲೆನ್ಸರು ಎಲ್ಲವೂ ಉಳ್ಳ, 3.5 ಸಿ.ಸಿ. ಗಾತ್ರದ, ನಿಮಿಷಕ್ಕೆ 30,000 ಸುತ್ತಿನವರೆಗೆ ತಿರುಗಬಲ್ಲ ಟೂ ಸ್ಟ್ರೋಕ್ ಎಂಜಿನು.

ಅದರ ಆಹಾರ ಪೆಟ್ರೋಲಲ್ಲ. ಬಹುಭಾಗ ಮೆಥನಾಲು, ನೂರಕ್ಕೆ 20ರಷ್ಟು ನೈಟ್ರೋಮೀಥೇನು, ಉಳಿದದ್ದು ಎಣ್ಣೆ. ಆ ಎಣ್ಣೆಯಲ್ಲಿ ಒಂದು ಪಾಲು ಹರಳೆಣ್ಣೆ. ಎಂಜಿನು ಬಿಸಿಯೇರಿ ತೆಳುನೀಲಿ ಹೊಗೆ ಬಿಟ್ಟಾಗ, ಶನಿವಾರಗಳಂದು ಅಜ್ಜಿ ನಮ್ಮ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆಯ ಪರಿಮಳವೇ ಸುಟ್ಟ ರೂಪದಲ್ಲಿ ಬಯಲಿನ ತುಂಬ ಹರಡುತ್ತದೆ. ಬೇರೆ ಎಣ್ಣೆಗಳು ತೆಳುವಾಗಿ ಹರಿದುಹೋಗುವ ಶಾಖದಲ್ಲಿಯೂ ಲೋಹವನ್ನು ಬಿಡದೆ ಅಂಟಿಕೊಂಡಿರುವುದು ಹರಳೆಣ್ಣೆಯ ಗುಣ. ಮೊದಲನೆಯ ಮಹಾಯುದ್ಧದ ವಿಮಾನಗಳ ಎಂಜಿನುಗಳಿಗೆ ಅದನ್ನು ಬಳಸುತ್ತಿದ್ದುದಕ್ಕೆ ಇದೂ ಒಂದು ಕಾರಣ; ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ.

ಇಂಥ ಎಂಜಿನಿನ ಸದ್ದು ಬಹಳ ದೊಡ್ಡದು. ನಮ್ಮ ಮನೆಯಿರುವುದು ಜಯನಗರದಲ್ಲಿ. 1948ರಲ್ಲಿ ರಾಜಗೋಪಾಲಾಚಾರಿಯವರು ಅಡಿಗಲ್ಲಿಟ್ಟ ಈ ಬಡಾವಣೆಯನ್ನು ರೂಪಿಸಿದವರು ಮಕ್ಕಳಿಗೂ ವೃದ್ಧರಿಗೂ ಬೇಕಾದ ಉದ್ಯಾನಗಳನ್ನು ಧಾರಾಳವಾಗಿ ಬಿಟ್ಟಿದ್ದಾರೆ. ಅಲ್ಲಿ ಬೆಳಗಿನ ಹೊತ್ತು ನಡೆಯುವವರ ಮತ್ತು ಹಕ್ಕಿಗಳ ನೆಮ್ಮದಿಯನ್ನು ಕೆಡಿಸುವ ಹಕ್ಕು ನಮಗಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆದುದರಿಂದಲೇ ಭಾನುವಾರಗಳಂದು ಮಗನ ಕಾರಿನಲ್ಲಿ ಟ್ರಕ್ಕನ್ನೂ ಇಂಧನದ ಡಬ್ಬಿಯನ್ನೂ ಹೇರಿಕೊಂಡು ಅಷ್ಟು ದೂರ ಹೋಗುವುದು.

ಆ ದಿನ ಮೂರನೆಯ ಟ್ಯಾಂಕ್ ಇಂಧನ ತುಂಬಿಸಿ ಬಿಟ್ಟೆವು. ಇಪ್ಪತ್ತು ಮಾರು ದೂರ ಓಡಿದ ಗಾಡಿ ಒಂದು ದಿಬ್ಬದ ಮೇಲೆ ಹಾರಿ ಬಿದ್ದು, ಮತ್ತೆ ಎದ್ದು ನಿಂತು, ಅನಂತರ ನಡೆಯಲೊಲ್ಲದೆ ಹೋಯಿತು. ಥ್ರಾಟಲ್ ಒತ್ತಿದರೆ ಎಂಜಿನಿನ ಕೂಗು ಏರುತ್ತಿತ್ತು. ಗಾಡಿ ಮಾತ್ರ ಇರುವೆಯ ಹಾಗೆ ತೆವಳುತ್ತಿತ್ತು.

“ತಾತ, ಎಂಜಿನ್ನು ಕೂಗ್ತಾ ಇದೆ, ಗಾಡಿ ಮುಂದಕ್ಕೇ ಹೋಗ್ತಿಲ್ಲ” ಎಂದು ಹುಡುಗ ಅಳುಮೋರೆ ಮಾಡಿದ.

“ಆಫ್ ಮಾಡಪ್ಪ ಮೊದಲು. ಮನೆಗೆ ಹೋಗಿ ನೋಡೋಣ” ಎಂದೆ.

ನಾನು ಮೂವತ್ತೊಂದು ವರುಷ ಒಂದು ಯಂತ್ರೋಪಕರಣ ಕಾರ್ಖಾನೆಯಲ್ಲಿ ಹಲ್ಲುಚಕ್ರಗಳನ್ನು ತಪಾಸಣೆ ಮಾಡಿದವನು. ಅಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು, ಯಂತ್ರ ನಿಂತಾಗ ಮೊದಲು ನೋಡಬೇಕಾದದ್ದು ಶಕ್ತಿ ಹುಟ್ಟುವ ಸ್ಥಾನವನ್ನಲ್ಲ, ಅದು ವ್ಯಯವಾಗುವ ಸ್ಥಾನವನ್ನು, ಅಲ್ಲಿಂದ ಹಿಂದುಹಿಂದಕ್ಕೆ ಬರಬೇಕು ಎಂದು ಹೇಳುತ್ತಿದ್ದರು. ಆ ಮಾತು ನನಗೆ ಅಂದು ನೆನಪಾಗಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಏಕೆಂದರೆ ಈ ಬರಹದಲ್ಲಿ ನಾನು ಹೇಳಹೊರಟಿರುವುದೆಲ್ಲ ಆ ಮರೆವಿನಿಂದ ಹುಟ್ಟಿದ್ದು.

ಇಂಥ ಗಾಡಿಯಲ್ಲಿ ಶಕ್ತಿ ನಡೆದುಬರುವ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ. ಎಂಜಿನಿನ ದಂಡದ ತುದಿಯಲ್ಲಿ ಫ್ಲೈವೀಲು. ಅದರ ಮೇಲೆ ಸ್ಪ್ರಿಂಗುಗಳಿಂದ ಬಂಧಿತವಾದ ಮೂರು ಕ್ಲಚ್ ಷೂಗಳು. ವೇಗ ಹೆಚ್ಚಿದಂತೆ ಕೇಂದ್ರಾಪಗಾಮಿ ಬಲದಿಂದ ಅವು ಹೊರಕ್ಕೆ ಚಿಮ್ಮಿ ತಮ್ಮನ್ನು ಸುತ್ತುವರಿದಿರುವ ಬಟ್ಟಲನ್ನು ಒಳಗಿನಿಂದ ಕಚ್ಚಿ ಹಿಡಿಯುತ್ತವೆ; ಲೂನಾ, ಟಿವಿಎಸ್ 50 ಗಾಡಿಗಳನ್ನು ಓಡಿಸಿದವರಿಗೆಲ್ಲ ಈ ಏರ್ಪಾಡಿನ ಅನುಭವವುಂಟು. ಕ್ಲಚ್ ಬೆಲ್ ಎಂದು ಕರೆಯುವ ಆ ಬಟ್ಟಲಿನ ಹೊರಗೆ 14 ಹಲ್ಲುಗಳು. ಅವು 46 ಹಲ್ಲಿನ ಸ್ಪರ್ ಗೇರನ್ನು ತಿರುಗಿಸುತ್ತವೆ. ಸ್ಪರ್ ಗೇರು ಕೂತಿರುವುದು ನಡುವಿನ ಡಿಫರೆನ್ಷಿಯಲ್ಲಿನ ಮೇಲೆ. ಅಲ್ಲಿಂದ ಮುಂದಕ್ಕೊಂದು ಹಿಂದಕ್ಕೊಂದು ಉಕ್ಕಿನ ಕಡ್ಡಿ. ಒಂದೊಂದು ಕಡ್ಡಿಯ ಕೊನೆಗೂ 10 ಹಲ್ಲಿನ ಪಿನಿಯನ್ನು, ಅದಕ್ಕೆ 43 ಹಲ್ಲಿನ ಕ್ರೌನು, ಮತ್ತೊಂದು ಡಿಫರೆನ್ಷಿಯಲ್ಲು. ಅಲ್ಲಿಂದ ಎಡಬಲಕ್ಕೆ ಅಚ್ಚುಗಳು, ಅಚ್ಚಿನ ತುದಿಯಲ್ಲಿ ಗಾಲಿ. ಮೊದಲ ಜೋಡಿಯಲ್ಲಿ ವೇಗ ಮೂರೂಕಾಲು ಪಟ್ಟು ಇಳಿಯುತ್ತದೆ, ಎರಡನೆಯದರಲ್ಲಿ 4.3 ಪಟ್ಟು; ಎಂದರೆ ಎಂಜಿನು ಸುಮಾರು ಹದಿನಾಲ್ಕು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. 17 ಸೆಂಟಿಮೀಟರ್ ವ್ಯಾಸದ ಗಾಲಿಗೆ ಆ 30,000 ಸುತ್ತಿನ ಲೆಕ್ಕ ಹಾಕಿದರೆ ಗಂಟೆಗೆ 60 ಕಿಲೋಮೀಟರಿಗೂ ಮಿಕ್ಕ ವೇಗ ಬರುತ್ತದೆ. ಇಷ್ಟು ಶಕ್ತಿ, ಇಷ್ಟು ಕೈ ಬದಲಾಯಿಸಿ, ಬೆಂಕಿಕಡ್ಡಿಗಿಂತ ತುಸುವೇ ದಪ್ಪನಾದ ಲೋಹದ ತುಣುಕುಗಳ ಮೂಲಕ ನೆಲಕ್ಕೆ ಇಳಿಯಬೇಕು.

ನಾವು ಮೊದಲು ಎಂಜಿನನ್ನೇ ಸಂದೇಹಿಸಿದೆವು. ಅದಕ್ಕೆ ಬೆಂಗಳೂರಿನದೇ ಆದ ಒಂದು ಕಾರಣವೂ ಇತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತನೆಯ ಒಂದು ಪಾಲಿನಷ್ಟು ಕಡಮೆ. ಕರಾವಳಿಗೆ ತಕ್ಕಂತೆ ಕಾರ್ಬುರೇಟರಿನ ಸೂಜಿಯನ್ನು ಹೊಂದಿಸಿದ್ದರೆ ಇಲ್ಲಿ ಗಾಳಿಗೆ ಇಂಧನ ಹೆಚ್ಚಾಗಿ, ಎಂಜಿನು ಉಬ್ಬಸಪಟ್ಟು ಮಂದವಾಗುತ್ತದೆ. ಈ ಶಾಸ್ತ್ರವನ್ನು ಬಲ್ಲ ನಾನು ಸೂಜಿಯನ್ನು ಎಂಟನೆಯ ಒಂದು ಸುತ್ತು ಒಳಕ್ಕೆ ತಿರುಗಿಸಿದೆ, ಗಾಡಿ ಓಡಲಿಲ್ಲ. ಮತ್ತೊಂದಿಷ್ಟು ತಿರುಗಿಸಿದೆ. ಇಂಧನ ಕಡಮೆಯಾದರೆ ಎಣ್ಣೆಯೂ ಕಡಮೆಯಾಯಿತೆಂದೇ ಅರ್ಥ, ಏಕೆಂದರೆ ಈ ಎಂಜಿನಿಗೆ ಎಣ್ಣೆ ಬರುವುದು ಇಂಧನದೊಡನೆ ಮಾತ್ರ. ಎಂಜಿನಿನ ತಲೆಯ ಶಾಖವನ್ನು ಅಳೆದು ನೋಡಿದಾಗ 130 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿತ್ತು. ಇನ್ನು ಎರಡು ನಿಮಿಷ ಹಾಗೆಯೇ ಬಿಟ್ಟಿದ್ದರೆ ನಿರಪರಾಧಿಯಾದ ಎಂಜಿನು ಸುಟ್ಟುಹೋಗುತ್ತಿತ್ತು. ಸೂಜಿಯನ್ನು ಹಿಂದಿನ ಸ್ಥಾನಕ್ಕೆ ತಂದು ನಿಲ್ಲಿಸಿದೆ.

ಅನಂತರ ಕ್ಲಚ್ಚು. ಎಂಜಿನು ಕೂಗಿ ಗಾಡಿ ಚಲಿಸದಿದ್ದರೆ ಬಲ್ಲವರು ಮೊದಲು ಬೊಟ್ಟುಮಾಡುವುದು ಕ್ಲಚ್ಚಿನ ಕಡೆಗೇ. ಅದು ನ್ಯಾಯವೂ ಹೌದು. ಎಂಜಿನಿನ ಮುಂದಿನ ಬೇರಿಂಗು ಸವೆದರೆ ಸುಡದ ಇಂಧನ ಅದರ ಸಂದಿನಿಂದ ಜಿನುಗಿ ಷೂಗಳ ಮೇಲೆ ಬೀಳುತ್ತದೆ. ಎಣ್ಣೆ ಸವರಿದ ಕೈಯಿಂದ ಗಡಿಗೆ ಹಿಡಿದ ಹಾಗೆ ಷೂಗಳು ಬಟ್ಟಲನ್ನು ಹಿಡಿಯಲಾರದೆ ಜಾರುತ್ತವೆ. ಜಾರಿದಾಗ ಶಾಖ, ಶಾಖದಿಂದ ಬಟ್ಟಲಿನೊಳಗೆ ನೀಲಿಯ ಬಣ್ಣ. ನಮ್ಮ ಗಾಡಿಯ ಬಟ್ಟಲನ್ನು ಬಿಚ್ಚಿ ನೋಡಿದರೆ ಒಳಗೆ ನೀಲಿಯಿಲ್ಲ. ಷೂಗಳ ಮೇಲೆ ಎಣ್ಣೆಯ ಪಸೆ ಕೊಂಚ ಇತ್ತು, ಅದನ್ನು ಒರೆಸಿದೆವು. ಆದರೆ ಬಟ್ಟಲನ್ನು ಹೊತ್ತಿರುವ ಎರಡು ಬೇರಿಂಗುಗಳಲ್ಲಿ ಒಂದನ್ನು ಬೆರಳ ತುದಿಯಲ್ಲಿ ತಿರುಗಿಸಿದರೆ ಮರಳು ಅರೆದ ಹಾಗೆ ಸ್ಪರ್ಶವಾಗುತ್ತಿತ್ತು.

ಬೇರಿಂಗಿಗಾಗಿ ನಾನು ಎಸ್‌ಜೆಪಿ ರಸ್ತೆಗೆ ಹೋದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತಮಹೋತ್ಸವದ ಹೆಸರನ್ನು ಹೊತ್ತ ಆ ಬೀದಿ ನನಗೆ ಯೌವನದಿಂದಲೂ ಪರಿಚಿತವಾದದ್ದು. ಬೋಲ್ಟು, ನಟ್ಟು, ಡ್ರಿಲ್ಲು, ಪುಲ್ಲಿ, ಪಂಪು, ಒಂದೊಂದಕ್ಕೂ ಒಂದೊಂದು ಸಾಲು ಅಂಗಡಿ. ಗಲ್ಲಾದಲ್ಲಿ ಕುಳಿತಿದ್ದ ವ್ಯಾಪಾರಿ ನಾನು ಕೊಟ್ಟ ಸವೆದ ಬೇರಿಂಗನ್ನು ಕಣ್ಣಿನ ಹತ್ತಿರ ತಂದು ನೋಡಿ, “ಐದು-ಹತ್ತು-ನಾಲ್ಕು ಸಾರ್, ಜೋಡಿನೇ ಹಾಕಿಬಿಡಿ, ಒಂದನ್ನ ಹಾಕಿದರೆ ಇನ್ನೊಂದು ವಾರದಲ್ಲಿ ಹೋಗ್ತದೆ” ಎಂದರು. ಒಳವ್ಯಾಸ 5, ಹೊರವ್ಯಾಸ 10, ದಪ್ಪ 4 ಮಿಲಿಮೀಟರು. ಕಣ್ಣಳತೆಯಲ್ಲಿಯೇ ಇಷ್ಟನ್ನು ಹೇಳಬಲ್ಲ ಮನುಷ್ಯರು ನಮ್ಮ ಪೇಟೆಯಲ್ಲಿ ಇನ್ನೂ ಇದ್ದಾರೆ. ಅವರ ಸಲಹೆಯನ್ನು ಮೀರದೆ ಜೋಡಿಯನ್ನೇ ತಂದೆ.

ಬೇರಿಂಗು ಸವೆದದ್ದಕ್ಕೆ ಕಾರಣ ನಮ್ಮ ಮಣ್ಣು. ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತವರು ಅದರ ವಯಸ್ಸು ಸುಮಾರು 300 ಕೋಟಿ ವರುಷವೆಂಬ ಫಲಕವನ್ನು ಓದಿರಬಹುದು. ಅದೇ ಕುಲದ ಶಿಲೆ ಬಿಸಿಲುಮಳೆಗಳಲ್ಲಿ ಶಿಥಿಲವಾಗಿ ಉದುರಿದ್ದೇ ಬೆಂಗಳೂರಿನ ಕೆಮ್ಮಣ್ಣು. ಶಿಲೆಯ ಉಳಿದ ಅಂಶಗಳು ಕರಗಿ ಜೇಡಿಯಾದರೂ ಅದರ ಬೆಣಚುಕಲ್ಲಿನ ಹರಳುಗಳು ಕರಗದೆ ಮಣ್ಣಿನಲ್ಲಿ ಹಾಗೆಯೇ ಉಳಿಯುತ್ತವೆ. ಬೆಣಚು ಸಾಮಾನ್ಯವಾದ ಉಕ್ಕಿಗಿಂತ ಗಡುಸು. ಗಾಡಿ ಎಬ್ಬಿಸಿದ ಧೂಳಿನೊಡನೆ ಆ ಹರಳು ಬೇರಿಂಗಿನ ಗುಂಡುಗಳ ನಡುವೆ ಸೇರಿದರೆ, ಅಷ್ಟು ಪುರಾತನವಾದ ಪದಾರ್ಥದ ಎದುರು ನಿನ್ನೆ ಮೊನ್ನೆಯ ಲೋಹ ಗೆಲ್ಲುವುದೆಂತು? ಎಣ್ಣೆ ಸವರಿದ ಹಲ್ಲುಚಕ್ರಕ್ಕೆ ಧೂಳು ಇನ್ನಷ್ಟು ಅಂಟಿಕೊಳ್ಳುವುದರಿಂದ ಹೊರಗೆ ತೆರೆದಿರುವ ಸ್ಪರ್ ಗೇರಿಗೆ ಗ್ರೀಸು ಹಾಕಬಾರದು. ಓಟ ಮುಗಿದ ಮೇಲೆ ಒಣ ಬ್ರಷ್ಷಿನಿಂದ ಉಜ್ಜಿಬಿಡಬೇಕು.

ಹೊಸ ಬೇರಿಂಗು ಕೂರಿಸಿ, ಎಂಜಿನನ್ನು ಮತ್ತೆ ಬಿಗಿಯುವಾಗ ಹಲ್ಲಿಗೂ ಹಲ್ಲಿಗೂ ನಡುವಿನ ಬಿಡುವನ್ನು ಹೊಂದಿಸಬೇಕಾಯಿತು. ಹುಡುಗನ ನೋಟ್‌ಪುಸ್ತಕದಿಂದ ಒಂದು ಪಟ್ಟಿ ಕಾಗದ ಹರಿದು, ಎರಡು ಚಕ್ರಗಳ ನಡುವೆ ಇಟ್ಟು, ಎಂಜಿನನ್ನು ಒತ್ತಿಹಿಡಿದು ತಿರುಪು ಬಿಗಿದು, ಕಾಗದವನ್ನು ತಿರುಗಿಸಿ ಹೊರತೆಗೆದರೆ, ಅದು ಹರಿಯದೆ, ಸುತ್ತಲೂ ಒಂದೇ ಸಮನಾದ ಮಡಿಕೆಗಳೊಡನೆ ಹೊರಬರಬೇಕು. ಕಾಗದದ ದಪ್ಪ ಸುಮಾರು 0.1 ಮಿಲಿಮೀಟರು, ಆ ಬಿಡುವೇ ಹಲ್ಲುಗಳಿಗೆ ಉಸಿರು. ಬಿಡುವು ಸಾಲದಿದ್ದರೆ ಚಕ್ರಗಳು ಸಣ್ಣ ದನಿಯಲ್ಲಿ ಕೊರಗುತ್ತವೆ, ಹೆಚ್ಚಾದರೆ ಹಲ್ಲಿನ ತುದಿಗಳಷ್ಟೇ ತಾಗಿ ಮುರಿಯುತ್ತವೆ. ಕಾರ್ಖಾನೆಯಲ್ಲಿ ಸೂಕ್ಷ್ಮಮಾಪಕಗಳಿಂದ ನಾನು ಮಾಡುತ್ತಿದ್ದ ಕೆಲಸವನ್ನು ಒಂದು ಕಾಗದದ ಚೂರು ಇಷ್ಟು ಚೆನ್ನಾಗಿ ಮಾಡುವುದನ್ನು ಕಂಡು ನನಗೆ ಸಂತೋಷವಾಯಿತು. ಮುಂದಿನ ಭಾನುವಾರ ಬಯಲಿಗೆ ಹೋದೆವು. ಕ್ಲಚ್ಚಿನ ಸದ್ದು ನಯವಾಗಿತ್ತು. ಗಾಡಿ ಹಿಂದಿನಂತೆಯೇ ತೆವಳಿತು.

ಉಳಿದದ್ದು ಡಿಫರೆನ್ಷಿಯಲ್ಲು. 1820ರ ದಶಕದಲ್ಲಿ ಗಡಿಯಾರ ಮಾಡುವ ಕಸುಬಿನಿಂದ ಬಂದ ಒನೆಸಿಫೋರ್ ಪೆಕ್ಯೂರ್ ಎಂಬ ಫ್ರೆಂಚ್ ಯಂತ್ರಶಿಲ್ಪಿ ಉಗಿಬಂಡಿಗಾಗಿ ರೂಪಿಸಿದ ಈ ಹಲ್ಲುಚಕ್ರಗಳ ಗೂಡು, ಯಂತ್ರಜಗತ್ತಿನ ಅತ್ಯಂತ ಸುಂದರವಾದ ಕಲ್ಪನೆಗಳಲ್ಲಿ ಒಂದೆಂದು ನಾನು ಎಣಿಸಿದ್ದೇನೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರವನ್ನೂ ಒಳಗಿನದು ಕಡಮೆ ದೂರವನ್ನೂ ನಡೆಯಬೇಕು. ಎರಡನ್ನೂ ಒಂದೇ ಅಚ್ಚಿಗೆ ಕಟ್ಟಿಹಾಕಿದರೆ ಒಂದು ಕಾಲೆಳೆಯುತ್ತದೆ. ಡಿಫರೆನ್ಷಿಯಲ್ಲು ಎರಡಕ್ಕೂ ಸಮನಾದ ಬಲವನ್ನು ಹಂಚಿ, ವೇಗವನ್ನು ಮಾತ್ರ ಅವುಗಳ ಅನುಕೂಲಕ್ಕೆ ಬಿಟ್ಟುಕೊಡುತ್ತದೆ. ಈ ಪುಟ್ಟ ಗಾಡಿಯಲ್ಲಿ ಅಂಥವು ಮೂರು. ಅವುಗಳೊಳಗೆ ಸಿಲಿಕೋನ್ ಎಣ್ಣೆ. ನೀರಿನ ಸ್ನಿಗ್ಧತೆಯನ್ನು 1 ಎಂದಿಟ್ಟುಕೊಂಡರೆ ನಾವು ಮುಂದಿನದಕ್ಕೆ ತುಂಬಿರುವ ಎಣ್ಣೆ 5,000, ನಡುವಿನದು 7,000, ಹಿಂದಿನದು 3,000. ಜೋನಿಬೆಲ್ಲದಂತೆ ಮಂದವಾಗಿ ಎಳೆಯುವಂಥದು.

ಹೊರಗಿನಿಂದಲೇ ಅದನ್ನು ಪರೀಕ್ಷಿಸುವ ಕ್ರಮವಿದೆ. ಗಾಡಿಯನ್ನು ಪೀಠದ ಮೇಲೆ ಎತ್ತಿಟ್ಟು ಮುಂದಿನ ಎಡಗಾಲಿಯನ್ನು ತಿರುಗಿಸಿದರೆ ಬಲಗಾಲಿ ವಿರುದ್ಧ ದಿಕ್ಕಿಗೆ ತಿರುಗಬೇಕು, ತಿರುಗಿತು. ಸ್ಪರ್ ಗೇರನ್ನು ಬೆರಳಿನಿಂದ ಒತ್ತಿಹಿಡಿದು ಮುಂದಿನ ಎರಡು ಗಾಲಿಗಳನ್ನೂ ಒಂದೇ ದಿಕ್ಕಿಗೆ ತಿರುಗಿಸಿದರೆ ಹಿಂದಿನವೆರಡೂ ಎದುರು ದಿಕ್ಕಿಗೆ ತಿರುಗಬೇಕು, ನಡುವೆ ಎಲ್ಲಿಯೂ ಟಿಕ್ ಟಿಕ್ ಎಂಬ ಸದ್ದು ಬರಬಾರದು; ತಿರುಗಿದವು, ಸದ್ದು ಬರಲಿಲ್ಲ. ಕ್ರೌನಿನ ಒಂದು ಹಲ್ಲು ಮುರಿದಿದ್ದರೂ ಆ ಸದ್ದು ಸುತ್ತಿಗೊಮ್ಮೆ ತಪ್ಪದೆ ಬರುತ್ತಿತ್ತು. ಪೀಠದ ಮೇಲೆಯೇ ಎಂಜಿನು ನಡೆಸಿ ಥ್ರಾಟಲನ್ನು ತುಸುವೇ ಒತ್ತಿದಾಗ ನಾಲ್ಕು ಗಾಲಿಗಳೂ ಬುಗುರಿಗಳಂತೆ ತಿರುಗಿದವು. ಭಾರವಿಲ್ಲದೆ ಎಂಜಿನನ್ನು ಬಹಳ ಹೊತ್ತು ಕೂಗಿಸಬಾರದಾದ್ದರಿಂದ ಕೂಡಲೆ ನಿಲ್ಲಿಸಿದೆ. ಎತ್ತಿಟ್ಟಾಗ ಸರ್ವವೂ ಸರಿ, ನೆಲದ ಮೇಲಿಟ್ಟರೆ ಸರ್ವವೂ ತಪ್ಪು!

ಆ ರಾತ್ರಿ ಮಲಗಿದ್ದಾಗ ಕಾರ್ಖಾನೆಯ ಹಿರಿಯರ ಮಾತು ಕೊನೆಗೂ ನೆನಪಾಯಿತು. ಭಾರ ಬಿದ್ದಾಗಷ್ಟೆ ಕಾಣಿಸಿಕೊಳ್ಳುವ ದೋಷವನ್ನು ಭಾರವಿಲ್ಲದಾಗ ಹುಡುಕಿದರೆ ಅದು ಸಿಕ್ಕುವುದಾದರೂ ಹೇಗೆ? ಮುಖ್ಯವಾದ ಬೋಲ್ಟುಗಳನ್ನು ಬಿಗಿದಾದ ಮೇಲೆ ಬೋಲ್ಟಿನ ತಲೆಯಿಂದ ಯಂತ್ರದ ಮೈಗೆ ಅಡ್ಡಲಾಗಿ ಒಂದು ಬಣ್ಣದ ಗೆರೆ ಎಳೆಯುವುದು ಅಲ್ಲಿನ ಪದ್ಧತಿಯಾಗಿತ್ತು. ಯಂತ್ರ ಕೆಲಸ ಮಾಡಿದ ಮೇಲೆ ಗೆರೆ ಮುರಿದಿದ್ದರೆ, ಕಣ್ಣಿಗೆ ಕಾಣದಂತೆ ಏನೋ ಸರಿದಿದೆ ಎಂದರ್ಥ. ಮರುದಿನ ಹುಡುಗ ಶಾಲೆಯಿಂದ ಬರುವುದನ್ನೇ ಕಾದಿದ್ದು, ಸೀಮೆಸುಣ್ಣದಿಂದ ನಾಲ್ಕೂ ಗಾಲಿಗಳ ಮೇಲೆ, ಅಚ್ಚಿನ ತುದಿಯಿಂದ ಹೊರಟು ನಟ್ಟಿನ ಮೇಲೆ ಹಾದು ಗಾಲಿಯವರೆಗೆ ಒಂದೊಂದು ನೇರವಾದ ಗೆರೆ ಎಳೆದೆ. ಭಾನುವಾರ ಬಯಲಿನಲ್ಲಿ ಗಾಡಿಯನ್ನು ಹತ್ತು ಮಾರು ತೆವಳಿಸಿ ನಿಲ್ಲಿಸಿದೆವು.

ಹುಡುಗ ಮೊಣಕಾಲೂರಿ ನೋಡಿದ. “ತಾತ! ಮುಂದಿನ ಬಲಗಡೆದು ಮುರಿದಿದೆ!”

ಅಚ್ಚಿನ ಮೇಲಿನ ಗೆರೆಯೂ ನಟ್ಟಿನ ಮೇಲಿನ ಗೆರೆಯೂ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಆದುದರಿಂದ ನಟ್ಟು ಸಡಿಲವಾದದ್ದಲ್ಲ. ಗಾಲಿಯ ಮೇಲಿನ ಗೆರೆ ಮಾತ್ರ ಅವುಗಳಿಂದ ಕಾಲು ಸುತ್ತಿನಷ್ಟು ದೂರ ಸರಿದಿತ್ತು. ಎಂದರೆ ಅಚ್ಚು ತಿರುಗುತ್ತಿದೆ, ಗಾಲಿ ಅದರ ಜೊತೆಗೆ ಹೋಗುತ್ತಿಲ್ಲ. ಅಲ್ಲಿಯೇ ಚಾಪೆ ಹಾಸಿ, ನಟ್ಟು ಬಿಚ್ಚಿ ಗಾಲಿ ತೆಗೆದು, ಅಚ್ಚಿಗೂ ಗಾಲಿಗೂ ನಡುವೆ ಕೂರುವ 17 ಮಿಲಿಮೀಟರಿನ ಷಟ್ಕೋನವನ್ನು ಎಳೆದೆ. ಅದನ್ನು ಅಚ್ಚಿಗೆ ಬಂಧಿಸುವ, ಅಚ್ಚನ್ನು ಅಡ್ಡವಾಗಿ ತೂರಿಹೋಗುವ ಒಂದು ಸಣ್ಣ ಪಿನ್ನಿರುತ್ತದೆ. 3 ಮಿಲಿಮೀಟರ್ ದಪ್ಪ, 14 ಮಿಲಿಮೀಟರ್ ಉದ್ದ. ಅದು ಮೂರು ತುಂಡಾಗಿತ್ತು. ದಿಬ್ಬದಿಂದ ಹಾರಿ ಬಿದ್ದ ಆಘಾತದಲ್ಲಿ ಕತ್ತರಿಸಿದ್ದಿರಬೇಕು. ನಟ್ಟಿನ ಬಿಗಿತದ ಘರ್ಷಣೆಯೊಂದೇ ಗಾಲಿಯನ್ನು ಹಿಡಿದುಕೊಂಡಿತ್ತು. ಪೀಠದ ಮೇಲೆ ತಿರುಗಲು ಅಷ್ಟು ಸಾಕು, ನೆಲದ ಮೇಲೆ ಗಾಡಿಯನ್ನು ಎಳೆಯಲು ಸಾಲದು.

ಒಂದು ಗಾಲಿ ಜಾರಿದರೆ ಉಳಿದ ಮೂರು ಏಕೆ ಎಳೆಯಲಿಲ್ಲವೆಂಬ ಪ್ರಶ್ನೆಯನ್ನು ಹುಡುಗ ಅಲ್ಲಿಯೇ ಕೇಳಿದ. ಕೇಳಿದ್ದಕ್ಕೆ ನಾನು ಹೆಮ್ಮೆಪಟ್ಟೆ. ಡಿಫರೆನ್ಷಿಯಲ್ಲು ಎರಡು ಕಡೆಗೂ ಸಮವಾಗಿಯೇ ಹಂಚುವ ಧರ್ಮದ್ದು. ಒಂದು ಕಡೆಯ ಗಾಲಿ ಒಂದು ಹಿಡಿ ಬಲವನ್ನಷ್ಟೆ ತಡೆದುಕೊಳ್ಳಬಲ್ಲುದಾದರೆ ಇನ್ನೊಂದು ಕಡೆಗೂ ಒಂದು ಹಿಡಿಗಿಂತ ಹೆಚ್ಚು ಕೊಡಲಾರದು. ಮುಂಭಾಗಕ್ಕೆ ಹೀಗೆ ಎರಡು ಹಿಡಿಯಾದರೆ, ನಡುವಿನ ಡಿಫರೆನ್ಷಿಯಲ್ಲು ಅದೇ ನ್ಯಾಯದಿಂದ ಹಿಂಭಾಗಕ್ಕೂ ಎರಡೇ ಹಿಡಿ ಕೊಡುತ್ತದೆ. ಗಟ್ಟಿಮುಟ್ಟಾದ ಮೂರು ಗಾಲಿಗಳೂ ನಾಲ್ಕನೆಯದರ ದೌರ್ಬಲ್ಯಕ್ಕೆ ಸಮನಾಗಿ ಇಳಿಯುತ್ತವೆ. ಗಾಡಿ ತೆವಳುವಷ್ಟಾದರೂ ತೆವಳಿದ್ದಕ್ಕೆ ಆ ಮಂದವಾದ ಎಣ್ಣೆಯ ಎಳೆತವೂ ನೆರವಾಗಿರಬೇಕು.

ಕೈಯಲ್ಲಿ ಆ ಮೂರು ಚೂರುಗಳನ್ನು ಹಿಡಿದು ಕುಳಿತಾಗ ನನಗೆ ನೆನಪಾದದ್ದು ಕನಕಪುರದ ರಸ್ತೆಯ ಬಂಡಿಗಳು. ನಾನು ಹುಡುಗನಾಗಿದ್ದಾಗ ಬೆಳಗಿನ ಜಾವಕ್ಕೆ ಮೊದಲು ಬನಶಂಕರಿಯ ಗುಡಿಯ ಮುಂದಿನಿಂದ ತರಕಾರಿಯ ಎತ್ತಿನ ಬಂಡಿಗಳು ಸಾಲಾಗಿ ಪೇಟೆಯ ಕಡೆಗೆ ಹೋಗುತ್ತಿದ್ದವು. ಮೂಕಿಯ ಕೆಳಗೆ ತೂಗುವ ಲಾಂದ್ರ, ಬಿದಿರಿನ ಕೊಳವೆಯಲ್ಲಿ ಕೀಲೆಣ್ಣೆ. ಹೊರಡುವ ಮೊದಲು ಬಂಡಿಯವನು ಕತ್ತಲಲ್ಲಿ ಬಗ್ಗಿ ಎರಡು ಗಾಲಿಗಳ ಹೊರಗೂ ಕೈಯಾಡಿಸುತ್ತಿದ್ದ. ಏನು ಹುಡುಕುತ್ತಾನೆಂದು ನಾನು ಕೇಳಿದಾಗ ತಂದೆಯವರು, “ಕಡಾಣಿ ಇದೆಯೋ ಇಲ್ಲವೋ ನೋಡ್ತಾನೆ ಮಗು” ಎಂದರು. ಗಾಲಿಯ ಗುಂಬ ಅಚ್ಚಿನಿಂದ ಕಳಚಿಹೋಗದಂತೆ ಅಚ್ಚಿನ ತುದಿಗೆ ಚುಚ್ಚುವ ಕಬ್ಬಿಣದ ಕೀಲು ಅದು. ರಾಮನವಮಿಯ ಹರಿಕಥೆಗಳಲ್ಲಿ ಕೇಳಿದ ಕೈಕೇಯಿಯ ಪ್ರಸಂಗವನ್ನು ಅಂದೇ ಅವರು ಮತ್ತೆ ಹೇಳಿದರು: ಯುದ್ಧದ ನಡುವೆ ದಶರಥನ ರಥದ ಕಡಾಣಿ ಬಿದ್ದುಹೋದಾಗ ಆಕೆ ತನ್ನ ಬೆರಳನ್ನೇ ಅದರ ಸ್ಥಾನದಲ್ಲಿಟ್ಟು ರಥವನ್ನು ಕಾಪಾಡಿದಳು, ಎರಡು ವರಗಳು ಹುಟ್ಟಿದ್ದು ಅಲ್ಲಿಂದ. ನಮ್ಮ ಟ್ರಕ್ಕಿನ ಪಿನ್ನು ಮಾಡುವ ಕೆಲಸ ಬೇರೆ. ಅದು ಗಾಲಿಯನ್ನು ಕಳಚದಂತೆ ಹಿಡಿಯುವುದಲ್ಲ, ತಿರುಗಿಸುವುದು. ಆದರೂ ಅದಕ್ಕೆ ಕಡಾಣಿಯೆಂಬ ಹೆಸರೇ ನಮ್ಮ ಮನೆಯಲ್ಲಿ ನಿಂತುಬಿಟ್ಟಿದೆ. ಹುಡುಗನೂ ಈಗ ಹಾಗೆಯೇ ಕರೆಯುತ್ತಾನೆ.

ಹೊಸ ಕಡಾಣಿ ಸಿಕ್ಕಿದ್ದು ಅದೇ ಎಸ್‌ಜೆಪಿ ರಸ್ತೆಯಲ್ಲಿ. ಅಲ್ಲಿ ಅದನ್ನು ಡವೆಲ್ ಪಿನ್ ಎನ್ನುತ್ತಾರೆ, ಹದಗೊಳಿಸಿದ ಉಕ್ಕಿನದು. ನಾಲ್ಕು ಗಾಲಿಗೂ ಬದಲಾಯಿಸಿ ನಾಲ್ಕು ಉಳಿತಾಯವಿರಲೆಂದು ಎಂಟು ತಂದೆ. ಷಟ್ಕೋನದ ಗ್ರಬ್ ಸ್ಕ್ರೂಗಳಿಗೆ ಒಂದೊಂದು ತೊಟ್ಟು ಥ್ರೆಡ್‌ಲಾಕ್ ಹಾಕಿ, 1.5 ಮಿಲಿಮೀಟರಿನ ಅಲೆನ್ ಕೀಯಿಂದ ಹುಡುಗನೇ ಬಿಗಿದ. ಆ ಭಾನುವಾರ ಗಾಡಿ ನಾಲ್ಕು ಟ್ಯಾಂಕ್ ಇಂಧನ ಮುಗಿಯುವವರೆಗೆ ಕೆಮ್ಮಣ್ಣೆಬ್ಬಿಸಿ ಓಡಿತು. ತಲೆಯ ಶಾಖ 110 ಡಿಗ್ರಿ ದಾಟಲಿಲ್ಲ.

ಈ ಹವ್ಯಾಸದಲ್ಲಿ ಮನಸ್ಸಿಟ್ಟಿರುವ ಕಿರಿಯರಲ್ಲಿ ನನ್ನ ಕೋರಿಕೆ ಒಂದೇ. ಗಾಡಿ ನಿಂತ ದಿನ ಕಾರ್ಬುರೇಟರಿನ ಸೂಜಿಗೆ ಕೈಹಾಕುವ ಮೊದಲು ಒಂದು ತುಂಡು ಸೀಮೆಸುಣ್ಣ ತೆಗೆದುಕೊಂಡು, ಅಚ್ಚಿನ ತುದಿಯಿಂದ ಗಾಲಿಯವರೆಗೆ ನಾಲ್ಕು ಗೆರೆಗಳನ್ನೆಳೆದು, ಗಾಡಿಯನ್ನು ನೆಲದ ಮೇಲೆ ಹತ್ತು ಮಾರು ನಡೆಸಿ ನೋಡಿ.